ಹಗಲು ನಿದ್ದೆಗೆ ಕತ್ತಲ ಕೋಣೆ: ಕೂಸಿಗೆ ಬೇಕೇ, ಬೇಡವೇ?

ಮಕ್ಕಳ ನಿದ್ದೆಯ ಬಗ್ಗೆ ಸಲಹೆ ಕೊಡುವ ಯಾವ ರೀಲ್ ತೆರೆದರೂ ಈಗ ಒಂದು ಮಾತು ತಪ್ಪದೇ ಬರುತ್ತದೆ: ಹಗಲಾದರೂ ಸರಿ, ಕೈ ಚಾಚಿದರೆ ಬೆರಳು ಕಾಣದಷ್ಟು ಕತ್ತಲಿರಬೇಕು, ಆಗಲೇ ಮಗು ನೆಮ್ಮದಿಯಾಗಿ ಮಲಗುವುದು. ಅದರ ಬೆನ್ನಿಗೇ ಬೆಳಕನ್ನು ಪೂರ್ತಿ ತಡೆಯುವ ಬ್ಲ್ಯಾಕೌಟ್ ಕರ್ಟನ್, ಗಾಜಿಗೆ ಅಂಟಿಸುವ ಕಪ್ಪು ಹಾಳೆ, ತೊಟ್ಟಿಲಿಗೆ ಹೊದಿಸುವ ಕಪ್ಪು ಟೆಂಟಿನ ಜಾಹೀರಾತು. ಮನೆಯ ಅಜ್ಜಿಯದು ಬೇರೆಯೇ ವಾದ: "ಹಗಲೊತ್ತು ಬೆಳಕಲ್ಲೇ ಮಲಗ್ಲಿ ಬಿಡು, ಇಲ್ಲಾಂದ್ರೆ ಕೂಸಿಗೆ ಹಗಲು ರಾತ್ರಿ ಗೊತ್ತಾಗಲ್ಲ." ಅದೇ ಅಜ್ಜಿ ಬಾಣಂತಿ ಕೋಣೆಯ ಕಿಟಕಿ ಮುಚ್ಚಿಸಿ, ಸಂದಿಗೆಲ್ಲ ಬಟ್ಟೆ ತುರುಕಿಸಿರುತ್ತಾರೆ ಎಂಬುದು ಬೇರೆ ಮಾತು.

ಅಜ್ಜಿಯ ಮಾತಿನಲ್ಲಿ ಹುರುಳಿದೆ. ರೀಲಿನ ಮಾತಿನಲ್ಲೂ ಸ್ವಲ್ಪ ಇದೆ. ಆದರೆ ಎರಡೂ ಅನ್ವಯಿಸುವುದು ಬೇರೆ ಬೇರೆ ವಯಸ್ಸಿಗೆ. ಮೊದಲ ಮೂರು ತಿಂಗಳು ಹಗಲಲ್ಲಿ ಕತ್ತಲು ಮಾಡುವುದರಿಂದ ಲಾಭವಿಲ್ಲ, ಅತಿಯಾದರೆ ನಷ್ಟವೇ. ನಾಲ್ಕೈದು ತಿಂಗಳ ನಂತರ ಕೆಲವು ಮಕ್ಕಳಿಗೆ ಮಬ್ಬು ಬೆಳಕು ನೆರವಾಗುತ್ತದೆ, ಇನ್ನು ಹಲವರಿಗೆ ಏನೂ ವ್ಯತ್ಯಾಸವಾಗುವುದಿಲ್ಲ. ಪೂರ್ತಿ ಕತ್ತಲು ನಿಜಕ್ಕೂ ಬೇಕಾದದ್ದು ರಾತ್ರಿಗೆ. ನಮ್ಮ ಮನೆಗಳಲ್ಲಿ ಎಡವಟ್ಟಾಗುತ್ತಿರುವುದೂ ಅಲ್ಲೇ.

ಮೆಲಟೋನಿನ್ ವಾದ ಅರ್ಧ ನಿಜ

ಕತ್ತಲ ಕೋಣೆಯ ಪರ ಮಾತಾಡುವವರ ಮುಖ್ಯ ಅಸ್ತ್ರ ಮೆಲಟೋನಿನ್ ಎಂಬ ಹಾರ್ಮೋನು. ಕತ್ತಲಾದರೆ ಅದು ಸ್ರವಿಸುತ್ತದೆ, ಸ್ರವಿಸಿದರೆ ನಿದ್ದೆ ಬರುತ್ತದೆ, ಹಾಗಾಗಿ ಹಗಲಲ್ಲೂ ಕತ್ತಲು ಮಾಡಿ ಎನ್ನುತ್ತಾರೆ.

ಎರಡೂ ಕಣ್ಣುಗಳ ನರಗಳು ಮಿದುಳಿನ ತಳದಲ್ಲಿ ಒಂದನ್ನೊಂದು ದಾಟುವ ಜಾಗದ ಸ್ವಲ್ಪ ಮೇಲೆ, ಅಕ್ಕಿಕಾಳಿಗಿಂತ ಚಿಕ್ಕದಾದ ಒಂದು ಜೋಡಿ ನರಕೋಶಗಳ ಗುಂಪಿದೆ. ದೇಹದ ಹಗಲು-ರಾತ್ರಿಯ ಗಡಿಯಾರ ಅದೇ. ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾದಲ್ಲಿರುವ ಕೆಲವು ವಿಶೇಷ ಕೋಶಗಳು, ಅದರಲ್ಲೂ 480 ನ್ಯಾನೋಮೀಟರ್ ಆಸುಪಾಸಿನ ನೀಲಿ ಬೆಳಕಿಗೆ ಹೆಚ್ಚು ಸ್ಪಂದಿಸುವಂಥವು, ಹೊರಗೆ ಹಗಲೋ ರಾತ್ರಿಯೋ ಎಂದು ಅದಕ್ಕೆ ಸುದ್ದಿ ಮುಟ್ಟಿಸುತ್ತವೆ. ಈಗ ರಾತ್ರಿ ಎಂದು ಗಡಿಯಾರ ಒಪ್ಪಿದ ಮೇಲಷ್ಟೇ ಮೆಲಟೋನಿನ್ ಹೊರಡುತ್ತದೆ. ಅಂದರೆ ರಾತ್ರಿ ಹೊತ್ತು ಬೆಳಕು ಬಿದ್ದರೆ ಮೆಲಟೋನಿನ್ ನಿಲ್ಲುತ್ತದೆ ನಿಜ. ಆದರೆ ಮಧ್ಯಾಹ್ನ ಹನ್ನೆರಡಕ್ಕೆ ಕೋಣೆಯನ್ನು ಎಷ್ಟೇ ಕತ್ತಲಾಗಿಸಿದರೂ ಅದು ಶುರುವಾಗುವುದಿಲ್ಲ. ಕತ್ತಲ ಕೋಣೆಯಲ್ಲಿ ಹಗಲು ಮಗು ಬೇಗ ಮಲಗಿದರೆ ಅದಕ್ಕೆ ಕಾರಣ ಬೇರೆ ಇರಬೇಕು.

ಇನ್ನು ಹುಟ್ಟಿದ ಮಗುವಿನಲ್ಲಿ ಈ ಲಯವೇ ಇರುವುದಿಲ್ಲ. ಹೊಟ್ಟೆಯಲ್ಲಿದ್ದಾಗ ತಾಯಿಯ ಮೆಲಟೋನಿನ್ ಮಾಸುವಿನ ಮೂಲಕ ದಾಟಿ ಬಂದು ರಾತ್ರಿಯ ಸುಳಿವು ಕೊಡುತ್ತಿತ್ತು. ಹೊಕ್ಕುಳಬಳ್ಳಿ ಕತ್ತರಿಸಿದ ಕ್ಷಣ ಆ ಪೂರೈಕೆ ನಿಂತಿತು. ಮಗುವಿನದೇ ಸ್ವಂತ ಲಯ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಒಂಬತ್ತರಿಂದ ಹನ್ನೆರಡು ವಾರಕ್ಕೆ. ನಡುವಿನ ಆ ಎರಡು-ಮೂರು ತಿಂಗಳಲ್ಲಿ ಕೂಸು ಹಗಲೆಲ್ಲ ಮಲಗಿ ರಾತ್ರಿ ಎರಡಕ್ಕೆ ಕಣ್ಣರಳಿಸಿ ಕೂತರೆ ಅದು ಹಟವಲ್ಲ, ಗಡಿಯಾರಕ್ಕಿನ್ನೂ ಕೀಲಿ ಕೊಟ್ಟಿಲ್ಲ. ತಾಯಿಯ ರಾತ್ರಿಯ ಹಾಲಿನಲ್ಲಿ ಮೆಲಟೋನಿನ್ ಇರುತ್ತದೆ, ಹಗಲಿನ ಹಾಲಿನಲ್ಲಿ ಹೆಚ್ಚೂಕಡಿಮೆ ಇರುವುದೇ ಇಲ್ಲ. ಹಾಲು ಹಿಂಡಿ ಫ್ರಿಜ್‌ನಲ್ಲಿ ಇಡುವವರು ಬಾಟಲಿಯ ಮೇಲೆ ತಾರೀಖಿನ ಜೊತೆ ಹೊತ್ತನ್ನೂ ಬರೆದಿಟ್ಟುಕೊಂಡು, ರಾತ್ರಿಯದನ್ನು ರಾತ್ರಿಗೇ ಕೊಡುವುದರಿಂದ ಖರ್ಚೇನೂ ಇಲ್ಲ.

ಹಾಗಾದರೆ ಹಗಲು ನಿದ್ದೆ ಬರುವುದು ಹೇಗೆ? ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ನಿದ್ದೆಯ ಒತ್ತಡ ಏರುತ್ತಾ ಹೋಗುತ್ತದೆ. ದೊಡ್ಡವರಲ್ಲಿ ಅದು ನಿಧಾನ, ಕೂಸಿನಲ್ಲಿ ಬಲು ಬೇಗ. ನವಜಾತ ಶಿಶುವಿಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಎಚ್ಚರವೇ ಜಾಸ್ತಿ. ನಾಲ್ಕು ತಿಂಗಳಿಗೆ ಒಂದೂವರೆಯಿಂದ ಎರಡು ಗಂಟೆ, ಆರು ತಿಂಗಳಿಗೆ ಎರಡೂವರೆಯವರೆಗೆ, ಒಂಬತ್ತು ತಿಂಗಳಿಗೆ ಮೂರರ ಆಸುಪಾಸು. ಈ ಲೆಕ್ಕ ಅನುಭವದಿಂದ ಬಂದದ್ದು, ಪ್ರಯೋಗಾಲಯದಲ್ಲಿ ಅಳೆದದ್ದಲ್ಲ. ಮಗುವಿನಿಂದ ಮಗುವಿಗೆ ಅರ್ಧ ಗಂಟೆ ಆಚೀಚೆ ಆಗುತ್ತದೆ. ಒತ್ತಡ ಸಾಕಷ್ಟು ಏರಿದ್ದರೆ ಕೂಸು ಮದುವೆ ಮಂಟಪದಲ್ಲಿ, ವಾಲಗದ ಸದ್ದಿನಲ್ಲೂ ಹೆಗಲ ಮೇಲೆ ಮಲಗುತ್ತದೆ. ಏರದಿದ್ದರೆ ಯಾವ ಪರದೆಯೂ ಮಲಗಿಸಲಾರದು.

ಮೊದಲ ಮೂರು ತಿಂಗಳು: ಬೆಳಕೇ ಔಷಧ

ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಇವೊನ್ ಹ್ಯಾರಿಸನ್ ಎಂಬ ಸಂಶೋಧಕಿ ಆರರಿಂದ ಹನ್ನೆರಡು ವಾರದ ಶಿಶುಗಳ ಮೇಲೆ ಬೀಳುವ ಬೆಳಕನ್ನು ಅಳೆದು 2004ರಲ್ಲಿ ಪ್ರಕಟಿಸಿದರು. ರಾತ್ರಿ ಚೆನ್ನಾಗಿ ಮಲಗುತ್ತಿದ್ದ ಮಕ್ಕಳು ಮಧ್ಯಾಹ್ನ ಹನ್ನೆರಡರಿಂದ ನಾಲ್ಕರ ನಡುವೆ ಉಳಿದವರಿಗಿಂತ ಸ್ಪಷ್ಟವಾಗಿ ಹೆಚ್ಚು ಬೆಳಕು ಕಂಡಿದ್ದರು. ಇದನ್ನು ಓದಿ ಬೆಳಕಿನಿಂದಲೇ ನಿದ್ದೆ ಬಂತು ಎಂದು ತೀರ್ಮಾನಿಸುವ ಹಾಗಿಲ್ಲ. ರಾತ್ರಿ ಮಗು ಮಲಗಿದ್ದರೆ ತಾಯಿಗೂ ಹಗಲು ಹೊರಗೆ ಸುತ್ತಾಡುವ ಚೈತನ್ಯ ಇರುತ್ತದಲ್ಲ!

ಅದಕ್ಕಿಂತ ಗಟ್ಟಿ ಸಾಕ್ಷ್ಯ ಇರುವುದು ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಲ್ಲಿ. 1986ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ಪ್ರಯೋಗದಲ್ಲಿ 41 ಶಿಶುಗಳನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿನ ವಾರ್ಡಿನಲ್ಲಿ ಸಂಜೆ ಏಳರಿಂದ ಬೆಳಿಗ್ಗೆ ಏಳರವರೆಗೆ ಬೆಳಕು, ಸದ್ದು ಎರಡನ್ನೂ ತಗ್ಗಿಸಿದರು. ಇನ್ನೊಂದರಲ್ಲಿ ಹಗಲೂ ರಾತ್ರಿಯೂ ಒಂದೇ ಸಮ. ಆಸ್ಪತ್ರೆಯಲ್ಲಿದ್ದಾಗ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಮನೆಗೆ ಹೋದ ಮೇಲೆ ಮೊದಲ ಗುಂಪಿನವು ಹೆಚ್ಚು ಹೊತ್ತು ಮಲಗಿದವು, ತೂಕವೂ ಹೆಚ್ಚಿತು. ಇಲ್ಲಿ ಕೆಲಸ ಮಾಡಿದ್ದು ಬರೀ ಕತ್ತಲಲ್ಲ, ಹಗಲು ರಾತ್ರಿಗಳ ನಡುವಿನ ಅಂತರ. ಹಗಲಲ್ಲೂ ಪರದೆ ಎಳೆದು ಮಬ್ಬು ಮಾಡಿದರೆ ಆ ಅಂತರವೇ ಅಳಿಸಿಹೋಗುತ್ತದೆ.

ಎಷ್ಟು ಬೆಳಕು ಎಂಬುದರ ಅಂದಾಜಿಗೆ ಬೆಳಕನ್ನು ಅಳೆಯುವ ಮಾನವಾದ ಲಕ್ಸ್ ಲೆಕ್ಕ ನೋಡಿ. ನೆತ್ತಿಯ ಮೇಲಿನ ಬಿಸಿಲು ಒಂದು ಲಕ್ಷ ಲಕ್ಸ್ ದಾಟಬಹುದು. ಮೋಡ ಕವಿದ ಹಗಲು ಒಂದು ಸಾವಿರದಿಂದ ಹತ್ತು ಸಾವಿರ. ಜಗಲಿಯ ನೆರಳಲ್ಲೂ ಸಾವಿರಗಳ ಲೆಕ್ಕವೇ. ಆದರೆ ಒಳಕೋಣೆಯಲ್ಲಿ ಒಂದು ಟ್ಯೂಬ್‌ಲೈಟ್ ಹಾಕಿದರೆ ಸಿಗುವುದು ನೂರರ ಆಸುಪಾಸು. ನಮ್ಮ ಕಣ್ಣು ಹೊಂದಿಕೊಳ್ಳುವುದರಿಂದ ಎರಡೂ "ಬೆಳಕಾಗಿದೆ" ಅನ್ನಿಸುತ್ತದೆ, ಗಡಿಯಾರಕ್ಕೆ ಮಾತ್ರ ಹಾಗನ್ನಿಸುವುದಿಲ್ಲ. ಫೋನಿನ ಲಕ್ಸ್ ಆ್ಯಪ್‌ಗಳು ನಿಖರವಲ್ಲ, ಆದರೂ ಜಗಲಿಗೂ ಮಲಗುವ ಕೋಣೆಗೂ ಎಷ್ಟು ಪಟ್ಟು ವ್ಯತ್ಯಾಸ ಎಂದು ತೋರಿಸಲು ಸಾಕು.

ಹೀಗಾಗಿ ಈ ವಯಸ್ಸಿನಲ್ಲಿ ಹಗಲು ನಿದ್ದೆಗೆ ಪಡಸಾಲೆಯೇ ಒಳ್ಳೆಯದು. ಮನೆಯ ಮಾಮೂಲಿ ಸದ್ದು ಇರಲಿ, ಕಿಟಕಿ ತೆರೆದಿರಲಿ, ಬಿಸಿಲ ಕೋಲು ಮಾತ್ರ ನೇರ ಮುಖಕ್ಕೆ ಬೀಳದಿರಲಿ. ಎಚ್ಚರವಿದ್ದಾಗ ಬೆಳಿಗ್ಗೆ ಇಪ್ಪತ್ತು-ಮೂವತ್ತು ನಿಮಿಷ, ಮಧ್ಯಾಹ್ನದ ಮೇಲೆ ಇನ್ನೊಮ್ಮೆ ಹೊರಗಿನ ನೆರಳಲ್ಲಿ ಎತ್ತಿಕೊಂಡು ಕೂರಿ. ಹಗಲಿನ ಒಂದೇ ನಿದ್ದೆ ಎರಡು-ಎರಡೂವರೆ ಗಂಟೆ ದಾಟಿದರೆ ಎಬ್ಬಿಸಿ ಹಾಲು ಕೊಡಿ. ಮೊದಲ ವಾರಗಳಲ್ಲಿ ತೂಕದ ದೃಷ್ಟಿಯಿಂದಲೂ ಇದು ಬೇಕು.

ಬಾಣಂತಿ ಕೋಣೆ

ಕತ್ತಲ ಕೋಣೆ ನಮಗೆ ಇನ್‌ಸ್ಟಾಗ್ರಾಮಿನಿಂದ ಬಂದದ್ದೇನಲ್ಲ. ಗಾಳಿ ಸೋಕಬಾರದು, ದೃಷ್ಟಿ ತಾಗಬಾರದು ಎಂದು ಕಿಟಕಿ ಬಾಗಿಲು ಮುಚ್ಚಿ ತಾಯಿ-ಮಗುವನ್ನು ವಾರಗಟ್ಟಲೆ ಒಳಗಿಡುವ ರೂಢಿ ಕರ್ನಾಟಕದ ಬಹಳ ಮನೆಗಳಲ್ಲಿ ಇಂದಿಗೂ ಇದೆ. ಬಾಣಂತಿಗೆ ವಿಶ್ರಾಂತಿ, ಜನರ ಓಡಾಟ ಕಡಿಮೆ ಆಗಿ ಸೋಂಕಿನಿಂದ ರಕ್ಷಣೆ: ಇವು ಅದರ ಒಳ್ಳೆಯ ಗುಣ. ಆದರೆ ಕತ್ತಲು ಈ ಲಾಭಗಳ ಜೊತೆ ಸುಮ್ಮನೆ ಸೇರಿಕೊಂಡ ಬಾಬತ್ತು.

ಅದರಿಂದ ಎರಡು ತೊಂದರೆಗಳು ಖಚಿತ. ಮೊದಲನೆಯದು ಕಾಮಾಲೆ. ಹುಟ್ಟಿದ ಎರಡು-ಮೂರನೇ ದಿನದಿಂದ ಬಹಳ ಮಕ್ಕಳ ಮೈ ಹಳದಿಯಾಗುತ್ತದೆ. ಅದು ಎದೆ ದಾಟಿ ಹೊಟ್ಟೆಗೆ, ಕಾಲಿಗೆ ಇಳಿಯುತ್ತಿದೆಯೇ ಎಂದು ನೋಡಬೇಕಾದದ್ದು ಹಗಲಿನ ಬೆಳಕಿನಲ್ಲಿ. ಮಬ್ಬುಗತ್ತಲಲ್ಲಿ, ಹಳದಿ ಬಲ್ಬಿನ ಕೆಳಗೆ ಅದು ಕಾಣುವುದೇ ಇಲ್ಲ. ದಿನಕ್ಕೊಮ್ಮೆ ಕಿಟಕಿಯ ಪಕ್ಕ ತಂದು, ಹಣೆ, ಎದೆ, ಅಂಗಾಲಿನ ಚರ್ಮವನ್ನು ಬೆರಳಲ್ಲಿ ಒತ್ತಿ ಬಿಟ್ಟು ಬಣ್ಣ ನೋಡಿ. ಅಂಗಾಲು, ಅಂಗೈ ಹಳದಿಯಾಗಿದ್ದರೆ, ಮಗು ಹಾಲು ಕುಡಿಯದೆ ಮಂಪರಾಗಿದ್ದರೆ ಅದೇ ದಿನ ವೈದ್ಯರಲ್ಲಿ ತೋರಿಸಬೇಕು. ಬಿಸಿಲಿಗೆ ಹಿಡಿದು ಕಾಮಾಲೆ ಇಳಿಸುತ್ತೇವೆ ಎಂದು ಕಾಯಬಾರದು. ಅದು ಆಸ್ಪತ್ರೆಯಲ್ಲಿ ವಿಶೇಷ ದೀಪದ ಬೆಳಕಿನಿಂದ ಕೊಡುವ ಚಿಕಿತ್ಸೆಗೆ (ಫೋಟೊಥೆರಪಿ) ಬದಲಿಯಲ್ಲ.

ಎರಡನೆಯದು ಹೊಗೆ. ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ, ಅದರ ಮೇಲೆ ಸಾಂಬ್ರಾಣಿ. ಹೊಗೆ ಕಣ್ಣಿಗೆ ಕಾಣುತ್ತದೆ, ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್ ಕಾಣುವುದಿಲ್ಲ, ವಾಸನೆಯೂ ಇಲ್ಲ. ಮಲಗಿದ ಮಗುವಿನ ಕೋಣೆಯಲ್ಲಿ ಕೆಂಡ ಇಡಲೇಬಾರದು.

ಇದೇ ರೂಢಿಯಲ್ಲಿ ಎಣ್ಣೆನೀರು ಆದಮೇಲೆ ಕೂಸನ್ನು ಎಳೆಬಿಸಿಲಿಗೆ ಹಿಡಿಯುವ ಕ್ರಮವೂ ಇದೆ. ಗಡಿಯಾರಕ್ಕೆ ಕೀಲಿ ಕೊಡಲು ಬೆಳಗಿನ ಬೆಳಕಿಗಿಂತ ಒಳ್ಳೆಯದಿಲ್ಲ, ಅದೊಂದನ್ನು ಬಿಡಬೇಡಿ. ಆರು ತಿಂಗಳೊಳಗಿನ ಚರ್ಮ ತೀರಾ ಎಳೆಯದಾದ್ದರಿಂದ ನೇರ ಬಿಸಿಲಿಗಿಂತ ಜಗಲಿಯ ಅಂಚಿನ ನೆರಳು ವಾಸಿ. ಕಣ್ಣಿಗೆ ಬೇಕಾದ ಬೆಳಕು ಅಲ್ಲೂ ಧಾರಾಳ ಸಿಗುತ್ತದೆ. ತಾಯಿಯೂ ಜೊತೆಗೆ ಕೂತರೆ ಅವಳ ನಿದ್ದೆಯ ಲಯಕ್ಕೂ ಒಳ್ಳೆಯದು.

ನಾಲ್ಕು ತಿಂಗಳ ನಂತರ ಏನು ಬದಲಾಗುತ್ತದೆ

ಮೊದಲ ವಾರಗಳಲ್ಲಿ ಒಂದು-ಒಂದೂವರೆ ಅಡಿ ದೂರದಾಚೆ ಮಗುವಿಗೆ ಎಲ್ಲವೂ ಮಸುಕು. ನಾಲ್ಕು ತಿಂಗಳ ಹೊತ್ತಿಗೆ ಸುತ್ತುವ ಫ್ಯಾನು, ಅಲುಗುವ ಪರದೆ, ಅಡುಗೆಮನೆಯಿಂದ ಹಾಯುವ ಅಕ್ಕ, ಎಲ್ಲವೂ ಕಾಣುತ್ತವೆ, ಎಲ್ಲವೂ ಬೇಕು. ಕಣ್ಣುಜ್ಜುತ್ತಾ, ಆಕಳಿಸುತ್ತಾ, ಆದರೂ ಕತ್ತು ತಿರುಗಿಸಿ ನೋಡುವ ಮಗುವನ್ನು ಮನೆಮಂದಿ ಎಲ್ಲ ಬಲ್ಲರು. ಕೋಣೆ ಮಬ್ಬು ಮಾಡಿದರೆ ನೋಡಲು ಏನೂ ಇರುವುದಿಲ್ಲ. ಹಗಲು ಕತ್ತಲಿನ ಪ್ರಯೋಜನ ಇಷ್ಟೇ, ಹಾರ್ಮೋನಿನ ಮಾಯೆ ಏನಿಲ್ಲ. ಇಷ್ಟಕ್ಕೆ ಬೆರಳು ಕಾಣದ ಕತ್ತಲು ಬೇಕಿಲ್ಲ. ಪತ್ರಿಕೆಯ ತಲೆಬರಹ ಓದಬಹುದು, ಒಳಗಿನ ಸಣ್ಣ ಅಕ್ಷರ ಓದಲಾಗದು ಎನ್ನುವ ಮಟ್ಟದ ಮಬ್ಬು ಸಾಕು. ಮಗುವಿನ ಮುಖದ ಬಣ್ಣ, ಮಲಗಿದ ಭಂಗಿ ಬಾಗಿಲಿನಿಂದಲೇ ಕಾಣಬೇಕು. ಅದು ಕಾಣದಿದ್ದರೆ ಕತ್ತಲು ಜಾಸ್ತಿಯಾಯಿತು.

ಕತ್ತಲಿನಿಂದ ಆಗದ ಕೆಲಸವೂ ಇದೆ. ಮೂರರಿಂದ ಆರು ತಿಂಗಳ ಮಕ್ಕಳು ಮೂವತ್ತು-ನಲವತ್ತೈದು ನಿಮಿಷಕ್ಕೆ ಎದ್ದುಬಿಡುತ್ತಾರೆ ಎಂಬುದು ದೊಡ್ಡ ದೂರು, ಕರ್ಟನ್ ಮಾರಾಟಕ್ಕೆ ದೊಡ್ಡ ಬಂಡವಾಳವೂ ಹೌದು. ಶಿಶುವಿನ ನಿದ್ದೆಯ ಒಂದು ಸುತ್ತು ಸುಮಾರು ಐವತ್ತು ನಿಮಿಷ. ಸುತ್ತಿನ ಕೊನೆಗೆ ನಿದ್ದೆ ತೆಳುವಾದಾಗ ಮತ್ತೊಂದು ಸುತ್ತಿಗೆ ಜಾರುವುದು ಬೆಳವಣಿಗೆಯಿಂದ ಬರುವ ಸಾಮರ್ಥ್ಯ. ಆರು ತಿಂಗಳ ಹೊತ್ತಿಗೆ ಬಹಳ ಮಕ್ಕಳಲ್ಲಿ ಅದು ತಾನಾಗಿ ಬರುತ್ತದೆ. ಅಲ್ಲಿಯವರೆಗೆ ಗಿಡ್ಡ ನಿದ್ದೆಗಳು ನಾಲ್ಕೈದು ಆಗುವುದು ಸಹಜ. ಎದ್ದ ಮಗು ನಗುನಗುತ್ತಾ ಆಡುತ್ತಿದ್ದರೆ ಸರಿಪಡಿಸಲು ಏನೂ ಇಲ್ಲ.

ನಿಮ್ಮ ಮಗುವಿಗೆ ಬೆಳಕೇ ಅಡ್ಡಿಯೋ ಎಂದು ಪರೀಕ್ಷಿಸುವುದು ಸುಲಭ. ಮಧ್ಯಾಹ್ನದ ಒಂದು ನಿದ್ದೆಯನ್ನಷ್ಟೇ ಆರಿಸಿಕೊಳ್ಳಿ. ಮೂರು ದಿನ ಪರದೆ ಎಳೆದು, ಮೂರು ದಿನ ತೆರೆದು ಮಲಗಿಸಿ. ಎಚ್ಚರವಿದ್ದ ಅವಧಿ, ಮಲಗಿಸುವ ಜಾಗ, ಹಾಲಿನ ಸಮಯ ಆರೂ ದಿನ ಒಂದೇ ಇರಲಿ. ಮಲಗಿಸಿದ ಹೊತ್ತು, ಕಣ್ಣು ಮುಚ್ಚಿದ ಹೊತ್ತು, ಎದ್ದ ಹೊತ್ತು, ಎದ್ದಾಗಿನ ಮನಸ್ಥಿತಿ, ಇವಿಷ್ಟನ್ನು ಗೋಡೆಯ ಕ್ಯಾಲೆಂಡರ್‌ನಲ್ಲೇ ಗುರುತು ಹಾಕಿ. ಹಲ್ಲು ಬರುತ್ತಿರುವಾಗ, ಲಸಿಕೆ ಹಾಕಿಸಿದ ವಾರ, ಊರಿಗೆ ಹೋಗಿ ಬಂದ ವಾರ ಈ ಪರೀಕ್ಷೆ ಬೇಡ. ಹತ್ತು ನಿಮಿಷಕ್ಕಿಂತ ಕಡಿಮೆ ವ್ಯತ್ಯಾಸ ಬಂದರೆ ಕರ್ಟನ್‌ಗೆ ದುಡ್ಡು ಹಾಕಬೇಡಿ. ಹೆಚ್ಚಿನವರು ಮಾಡುವ ತಪ್ಪೆಂದರೆ ಪರದೆ, ಒಂದೇ ಸಮನೆ ಮೊರೆಯುವ ವೈಟ್ ನಾಯ್ಸ್ ಯಂತ್ರ, ಮಗುವಿಗೆ ತೊಡಿಸುವ ಚೀಲದಂಥ ಹೊಸ ಸ್ಲೀಪ್ ಸ್ಯಾಕ್ ಮೂರನ್ನೂ ಒಂದೇ ದಿನ ತರುವುದು. ಆಮೇಲೆ ಯಾವುದು ಕೆಲಸ ಮಾಡಿತು ಎಂದು ಯಾರಿಗೂ ಗೊತ್ತಾಗುವುದಿಲ್ಲ.

ಬೆಳಿಗ್ಗೆಯ ಮತ್ತು ಮಧ್ಯಾಹ್ನದ ನಿದ್ದೆಗೆ ಮಬ್ಬು ಸರಿ. ಸಂಜೆಯ ಕೊನೆಯ ಸಣ್ಣ ನಿದ್ದೆಗೆ ಬೇಡ. ಅದು ಬೆಳಕಲ್ಲೇ ಆಗಲಿ, ಅರ್ಧ ಗಂಟೆಗೆ ಮುಗಿಯಲಿ, ಐದು ಗಂಟೆಯ ಆಸುಪಾಸಿಗೆ ಎದ್ದಿರಲಿ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಪ್ರಕಾರ ನಾಲ್ಕರಿಂದ ಹನ್ನೊಂದು ತಿಂಗಳ ಮಗುವಿಗೆ ಹಗಲು ರಾತ್ರಿ ಸೇರಿ 12ರಿಂದ 16 ಗಂಟೆ ನಿದ್ದೆ ಬೇಕು. ಒಟ್ಟು ಮೊತ್ತ ಅಷ್ಟೇ. ಕತ್ತಲ ಕೋಣೆಯಲ್ಲಿ ಹಗಲು ಐದು ಗಂಟೆ ಮಲಗಿಸಿದರೆ ಅದನ್ನು ರಾತ್ರಿಯ ಖಾತೆಯಿಂದಲೇ ಕಳೆಯಬೇಕಾಗುತ್ತದೆ.

ಲಂಡನ್ನಿನ ಸಲಹೆ, ಬಳ್ಳಾರಿಯ ಬಿಸಿಲು

ಬ್ಲ್ಯಾಕೌಟ್ ಕರ್ಟನ್‌ಗೆ ಇಷ್ಟು ಮಹತ್ವ ಬಂದದ್ದು ಯಾವ ದೇಶಗಳಿಂದ ಎಂದು ನೋಡಿದರೆ ಅರ್ಧ ಉತ್ತರ ಅಲ್ಲೇ ಇದೆ. ಜೂನ್ ತಿಂಗಳಲ್ಲಿ ಲಂಡನ್ನಿನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತು ಇಪ್ಪತ್ತರ ಸುಮಾರಿಗೆ, ಮತ್ತೆ ಹುಟ್ಟುವುದು ಐದಕ್ಕೂ ಮುಂಚೆ. ಏಳಕ್ಕೆ ಮಗುವನ್ನು ಮಲಗಿಸಬೇಕಾದ ಅಲ್ಲಿನ ಮನೆಯಲ್ಲಿ ಕಪ್ಪು ಪರದೆ ಅನಿವಾರ್ಯವೇ. ಅಲ್ಲಿ, ಎಡಿನ್‌ಬರೊದಲ್ಲಿ, ಸಿಯಾಟಲ್‌ನಲ್ಲಿ ಸಂಸಾರ ಹೂಡಿರುವ ಕನ್ನಡಿಗರಿಗೂ ಅದು ಬೇಕು. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲು ಹದಿಮೂರು ಗಂಟೆ ಮುಟ್ಟುವುದಿಲ್ಲ, ಅತಿ ಚಿಕ್ಕದು ಹನ್ನೊಂದು ಗಂಟೆ ದಾಟುತ್ತದೆ. ಸೂರ್ಯ ಯಾವ ತಿಂಗಳಲ್ಲೂ ಏಳರೊಳಗೆ ಮುಳುಗುತ್ತಾನೆ. ಆಕಾಶವೇ ಹೊತ್ತಿಗೆ ಸರಿಯಾಗಿ ಕತ್ತಲು ಮಾಡಿಕೊಡುವ ನಾಡಿಗೆ ಆ ಸಲಹೆಯನ್ನು ಹಾಗೇ ತಂದರೆ ಸಿಗುವುದು ಸೆಕೆ.

ಉತ್ತರದ ದೇಶಗಳಲ್ಲೇ ಫಿನ್ಲೆಂಡಿನವರದು ತದ್ವಿರುದ್ಧ ಪದ್ಧತಿ. ಹಗಲು ನಿದ್ದೆಗೆ ಮಗುವನ್ನು ಬೆಚ್ಚಗೆ ಸುತ್ತಿ ತಳ್ಳುಗಾಡಿಯಲ್ಲಿ ಹೊರಗೆ, ಚಳಿಗಾಲದಲ್ಲೂ ಮನೆಯಂಗಳದಲ್ಲಿ ಮಲಗಿಸುತ್ತಾರೆ. ಒಳಗಿಗಿಂತ ಹೊರಗೆ ಹೆಚ್ಚು ಹೊತ್ತು ಮಲಗುತ್ತವೆ ಎಂಬುದು ಅಲ್ಲಿನ ತಂದೆತಾಯಿಯರ ಅನುಭವ. ಅಲ್ಲಿ ಹಗಲು ಕತ್ತಲಿನ ಮಾತೇ ಇಲ್ಲ.

ಕತ್ತಲಿಗಾಗಿ ಕಿಟಕಿ ಮುಚ್ಚುವಾಗ ಎಚ್ಚರ ವಹಿಸಬೇಕಾದದ್ದು ಶಾಖದ ಬಗ್ಗೆ. ಮಗುವಿನ ಮೈ ಬಿಸಿಯೇರುವುದು ಹಾಸಿಗೆ ಸಾವಿನ (ಆರೋಗ್ಯವಾಗಿದ್ದ ಶಿಶು ಕಾರಣ ತಿಳಿಯದೆ ನಿದ್ದೆಯಲ್ಲೇ ತೀರಿಕೊಳ್ಳುವುದು) ಅಪಾಯಗಳಲ್ಲಿ ಒಂದು ಎಂದು ಮಕ್ಕಳ ವೈದ್ಯರು ಪಟ್ಟಿ ಮಾಡುತ್ತಾರೆ. ಬ್ರಿಟನ್ನಿನಲ್ಲಿ ಹೇಳುವ 16ರಿಂದ 20 ಡಿಗ್ರಿಯ ಕೋಣೆ ರಾಯಚೂರಿನ ಏಪ್ರಿಲ್‌ನಲ್ಲಿ ಯಾರಿಗೂ ಸಿಗದು. ಇಲ್ಲಿ ನೋಡಬೇಕಾದದ್ದು ಮಗುವನ್ನು: ಕತ್ತಿನ ಹಿಂಭಾಗ, ಎದೆ ಬೆವರಿದ್ದರೆ, ಕೆನ್ನೆ ಕೆಂಪೇರಿದ್ದರೆ ಸೆಕೆಯಾಗಿದೆ. ಕೈಕಾಲು ತಣ್ಣಗಿರುವುದು ಲೆಕ್ಕಕ್ಕಿಲ್ಲ. ತೆಳು ಹತ್ತಿಯ ಒಂದೇ ಪದರ, ಮೆಲ್ಲಗೆ ತಿರುಗುವ ಫ್ಯಾನ್. ಏಸಿ ಇದ್ದರೆ 24ರಿಂದ 26, ಗಾಳಿ ನೇರ ಮೈಮೇಲೆ ಬೀಳದಂತೆ.

ಪರದೆಯ ಬಣ್ಣ, ಜಾಗ ಎರಡೂ ಮುಖ್ಯ. ಗಾಜಿನ ಒಳಗಡೆ ತೂಗುವ ಕಪ್ಪು ಬಟ್ಟೆ ಬಿಸಿಲು ಹೀರಿ ಕೋಣೆಯೊಳಗೇ ಕಾವು ಬಿಡುತ್ತದೆ. ಹೊರಮುಖಕ್ಕೆ ಬಿಳಿ ಅಥವಾ ತಿಳಿಬಣ್ಣದ ಲೈನಿಂಗ್ ಇರುವುದನ್ನು ಕೊಳ್ಳಿ. ಅದಕ್ಕಿಂತ ಒಳ್ಳೆಯದು ಬಿಸಿಲನ್ನು ಕಿಟಕಿಯ ಹೊರಗೇ ತಡೆಯುವುದು: ಬಿದಿರಿನ ಚಿಕ್, ತೆಂಗಿನ ಗರಿಯ ತಟ್ಟಿ, ನೀರು ಚಿಮುಕಿಸಿದ ಲಾವಂಚದ ತಟ್ಟಿ. ಮಬ್ಬೂ ಆಗುತ್ತದೆ, ತಂಪೂ ಆಗುತ್ತದೆ, ಗಾಳಿಯೂ ಆಡುತ್ತದೆ. ಹಗಲು ನಿದ್ದೆಗೆ ಇದಕ್ಕಿಂತ ಹೆಚ್ಚಿನದು ಬೇಕಾಗುವುದು ಅಪರೂಪ.

ಕರ್ಟನ್ನೇ ಬೇಕೆಂದರೆ ಅಳತೆ ಹೀಗೆ. ನಾಲ್ಕಡಿ ಅಗಲದ ಕಿಟಕಿಗೆ ಐದಡಿಯ ರಾಡು, ಎರಡೂ ಬದಿ ಅರ್ಧರ್ಧ ಅಡಿ ಹೆಚ್ಚು. ಬಟ್ಟೆಯ ಒಟ್ಟು ಅಗಲ ರಾಡಿನ ಒಂದೂವರೆಯಿಂದ ಎರಡು ಪಟ್ಟು. ರಾಡು ಚೌಕಟ್ಟಿನಿಂದ ಆರಿಂಚು ಮೇಲೆ, ಬಟ್ಟೆ ಕೆಳಗೆ ಎಂಟಿಂಚಾದರೂ ಇಳಿಯಲಿ. ಬೆಳಕು ನುಗ್ಗುವುದು ಬಟ್ಟೆಯಿಂದಲ್ಲ, ಪಕ್ಕದ ಸಂದಿಯಿಂದ. ರಾಡಿನ ತುದಿ ಗೋಡೆಗೆ ಬಾಗಿರುವ ಬಗೆಯದಾದರೆ ಆ ಸಂದಿ ಮುಚ್ಚುತ್ತದೆ. ರಬ್ಬರಿನಂಥ ಲೇಪವಿರುವ ಬಟ್ಟೆಗೆ ಹೊಸದರಲ್ಲಿ ಗಾಟು ವಾಸನೆ ಇರುತ್ತದೆ, ನಾಲ್ಕು ದಿನ ಹೊರಗೆ ಗಾಳಿಗೆ ಹಾಕಿ ಆಮೇಲೆ ತೂಗಿಸಿ. ನೇಯ್ಗೆಯಲ್ಲೇ ದಪ್ಪವಿರುವ ಬಟ್ಟೆ ನೂರಕ್ಕೆ ನೂರು ಬೆಳಕು ತಡೆಯದು, ಹಗಲಿಗೆ ಅದೇ ಸರಿ. ಹಳೆ ಮನೆಗಳಲ್ಲಿ ಕಿಟಕಿಯ ಮೇಲಿರುವ ವೆಂಟಿಲೇಟರಿನಿಂದ ಬೆಳಕು ಬರುತ್ತದೆಂದು ಅದಕ್ಕೆ ರಟ್ಟು ಬಡಿಯಬೇಡಿ, ಬಿಸಿಗಾಳಿ ಹೊರಹೋಗುವ ದಾರಿ ಅದು. ಬ್ಲೈಂಡ್ಸ್ ಇದ್ದರೆ ಎಳೆಯುವ ದಾರದ ತುದಿ ನೆಲದಿಂದ ಐದಡಿ ಮೇಲಿರಬೇಕು, ತೊಟ್ಟಿಲು ಅದರ ಹತ್ತಿರ ಇರಲೇಬಾರದು, ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ. ಕಸದ ಕಪ್ಪು ಪ್ಲಾಸ್ಟಿಕ್ ಚೀಲ ಕತ್ತರಿಸಿ ಗಾಜಿಗೆ ಅಂಟಿಸುವ ಉಪಾಯವೂ ಅಂತರ್ಜಾಲದಲ್ಲಿ ಓಡಾಡುತ್ತಿದೆ. ಅಂಟು ಬಿಟ್ಟು ಕೆಳಗೆ ಬಿದ್ದರೆ ಉಸಿರುಗಟ್ಟಿಸುವ ವಸ್ತು ಅದು.

ಎಲ್ಲಕ್ಕಿಂತ ಅಪಾಯದ್ದು ತೊಟ್ಟಿಲು, ತಳ್ಳುಗಾಡಿಯ ಮೇಲೇ ಬಟ್ಟೆ ಮುಚ್ಚುವುದು. ಸ್ವೀಡನ್ನಿನ ಪತ್ರಿಕೆಯೊಂದು 2014ರಲ್ಲಿ ಅಳೆದಾಗ, ಮುಚ್ಚದ ಗಾಡಿಯೊಳಗೆ 22 ಡಿಗ್ರಿ ಇದ್ದದ್ದು ತೆಳುಬಟ್ಟೆ ಮುಚ್ಚಿದ ಅರ್ಧ ಗಂಟೆಯಲ್ಲಿ 34, ಒಂದು ಗಂಟೆಯಲ್ಲಿ 37 ಮುಟ್ಟಿತ್ತು. ನಮ್ಮ ಸೀರೆ ಜೋಲಿಯ ವಿಷಯದಲ್ಲೂ ಇದೇ ಎಚ್ಚರ ಬೇಕು. ಜೋಲಿ ತಾನಾಗಿಯೇ ಮಬ್ಬು, ಮಗು ಕಮಕ್ ಎನ್ನದೆ ಮಲಗುತ್ತದೆ, ಆದರೆ ಎರಡು ಅಂಚು ಮುಖದ ಮೇಲೆ ಕೂಡಿಕೊಳ್ಳುತ್ತವೆ, ಬೆನ್ನು ಬಾಗಿ ಗದ್ದ ಎದೆಗೆ ತಾಗುತ್ತದೆ. ಅಂಚುಗಳ ನಡುವೆ ಅಡ್ಡಕೋಲು ಕಟ್ಟಿ ಬಾಯಿ ಅಗಲಿಸಿ, ಮೇಲೊಂದು ಟವೆಲ್ ಹಾಕಬೇಡಿ, ಯಾರಾದರೂ ನೋಡುತ್ತಿರಲಿ. ಮಗು ಮಗ್ಗುಲಾಗಲು ಶುರು ಮಾಡಿದ ಮೇಲೆ ಜೋಲಿ ಬಿಡಿಸಿ. ಗಟ್ಟಿಯಾದ ಸಪಾಟು ಹಾಸಿಗೆ, ಅಂಗಾತ ಭಂಗಿ, ದಿಂಬು ರಜಾಯಿ ಇಲ್ಲದ ಜಾಗ, ಇದು ಹಗಲಿಗೂ ರಾತ್ರಿಗೂ ಒಂದೇ ನಿಯಮ. ಮೊದಲ ಆರು ತಿಂಗಳು ಹಗಲಲ್ಲೂ ಮಗು ಮಲಗಿರುವ ಕೋಣೆಯಲ್ಲೇ ದೊಡ್ಡವರೊಬ್ಬರು ಇರುವುದು ಲೇಸು. ಬಾಗಿಲು ಹಾಕಿದ ಕತ್ತಲ ಕೋಣೆಯಲ್ಲಿ ಕೂಸೊಂದನ್ನೇ ಬಿಡುವ ಪದ್ಧತಿಗೆ ನನ್ನ ತಕರಾರು ಬೆಳಕಿಗಿಂತ ಹೆಚ್ಚಾಗಿ ಇದಕ್ಕೆ.

ರಾತ್ರಿಯ ಟ್ಯೂಬ್‌ಲೈಟ್

ಹಗಲಿನ ಪರದೆಗೆ ಸಾವಿರಾರು ರೂಪಾಯಿ ಸುರಿಯುವ ಮನೆಯಲ್ಲೇ ರಾತ್ರಿ ಒಂಬತ್ತೂವರೆಗೆ ಟಿವಿ, ಬಿಳಿ ಎಲ್‌ಇಡಿ ಎರಡೂ ಉರಿಯುತ್ತಿರುತ್ತವೆ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ತಂಡ ಮೂರರಿಂದ ಐದು ವರ್ಷದ ಮಕ್ಕಳನ್ನು ಮಲಗುವ ಮುಂಚೆ ಒಂದು ಗಂಟೆ ಸಾವಿರ ಲಕ್ಸ್ ಬೆಳಕಿನಲ್ಲಿ ಕೂರಿಸಿದಾಗ ಮೆಲಟೋನಿನ್ ಶೇ 88ರಷ್ಟು ಕುಸಿಯಿತು. 2018ರಲ್ಲಿ ಪ್ರಕಟವಾದ ಫಲಿತಾಂಶ ಇದು. ಅದೇ ತಂಡ 2022ರಲ್ಲಿ ತೋರಿಸಿದ ಪ್ರಕಾರ 5ರಿಂದ 40 ಲಕ್ಸ್‌ನಷ್ಟು ಮಂದ ಬೆಳಕೂ ಈ ವಯಸ್ಸಿನವರಲ್ಲಿ ಮೆಲಟೋನಿನ್ನನ್ನು ಗಣನೀಯವಾಗಿ ತಗ್ಗಿಸುತ್ತದೆ. ಅಧ್ಯಯನ ಶಿಶುಗಳದ್ದಲ್ಲ, ಆದರೆ ಮಕ್ಕಳ ಕಣ್ಣಿನ ಮಸೂರ ದೊಡ್ಡವರದಕ್ಕಿಂತ ತಿಳಿ, ಪಾಪೆ ಅಗಲ, ಬೆಳಕು ಹೆಚ್ಚು ಒಳನುಗ್ಗುತ್ತದೆ. ಶಿಶುವಿಗೆ ಇದು ಅನ್ವಯಿಸದು ಎನ್ನಲು ಕಾರಣವಿಲ್ಲ.

ಮಲಗುವ ಒಂದು ಗಂಟೆ ಮುಂಚೆ ಟ್ಯೂಬ್‌ಲೈಟ್ ಆರಿಸಿ ಮೂಲೆಯಲ್ಲಿ ಒಂದು ಹಳದಿ ದೀಪ ಇಡಿ. ರಾತ್ರಿ ಹಾಲೂಡಿಸಲು, ಬಟ್ಟೆ ಬದಲಿಸಲು ಕೆಂಪು ಅಥವಾ ಕಿತ್ತಳೆ ಬಣ್ಣದ ಪುಟ್ಟ ದೀಪ ಮಂಚದ ಕೆಳಗೆ, ಮಗುವಿನ ಕಣ್ಣಿಗೆ ನೇರ ಬೀಳದಂತೆ. ನೀಲಿ, ಹಸಿರು ಝೀರೋ ಬಲ್ಬು ಈ ಕೆಲಸಕ್ಕೆ ತಕ್ಕದ್ದಲ್ಲ. ಬೀದಿದೀಪ ಕಿಟಕಿಗೇ ಬೀಳುವ ಮನೆ, ಬೆಳಗಿನ ಬಿಸಿಲು ಆರಕ್ಕೇ ನುಗ್ಗುವ ಮೂಡಣ ಕಿಟಕಿ, ಈ ಎರಡು ಕಡೆ ಬ್ಲ್ಯಾಕೌಟ್ ಕರ್ಟನ್ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಕೆಲಸಕ್ಕೆ ಮರಳುವ ತಾಯಿಗೆ

2017ರ ತಿದ್ದುಪಡಿಯ ನಂತರ ಹೆರಿಗೆ ರಜೆ 26 ವಾರ. ಅಂದರೆ ಬಹಳ ಮಕ್ಕಳು ಆರು ತಿಂಗಳ ಸುಮಾರಿಗೆ ಡೇಕೇರ್‌ಗೆ, ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಕೂಸಿನ ಮನೆಗೆ ಹೋಗುತ್ತಾರೆ. ಅಲ್ಲಿ ಹತ್ತು ಮಕ್ಕಳು ಒಂದೇ ಹಜಾರದಲ್ಲಿ, ಬೆಳಕಲ್ಲೇ ಮಲಗುವುದು. ಮನೆಯಲ್ಲಿ ಗವ್ವೆನ್ನುವ ಕತ್ತಲಿಗೆ ಒಗ್ಗಿದ ಮಗು ಅಲ್ಲಿ ಮೊದಲ ವಾರಗಳಲ್ಲಿ ರಚ್ಚೆ ಹಿಡಿಯುತ್ತದೆ. ಸೇರಿಸುವ ಎರಡು ವಾರ ಮುಂಚಿನಿಂದ ಎರಡು ದಿನಕ್ಕೊಮ್ಮೆ ಪರದೆಯನ್ನು ಗೇಣಷ್ಟು ಸರಿಸುತ್ತಾ ಬನ್ನಿ. ಕತ್ತಲಿನ ಬದಲು ಒಯ್ಯಬಹುದಾದ ಗುರುತುಗಳನ್ನು ರೂಢಿಸಿ: ಅದೇ ಜೋಗುಳ, ತೊಡೆ ತಟ್ಟುವ ಅದೇ ಲಯ, ಮಲಗಿಸುವ ಮುಂಚೆ ಅದೇ ಕ್ರಮದಲ್ಲಿ ಮುಖ ಒರೆಸಿ ಬಟ್ಟೆ ಬದಲಿಸುವುದು. ನೋಡಿಕೊಳ್ಳುವ ಆಯಾಗೆ ಮಗು ಎಷ್ಟು ಹೊತ್ತು ಎಚ್ಚರವಿದ್ದರೆ ನಿದ್ದೆಗೆ ಬರುತ್ತದೆ ಎಂಬುದನ್ನು ಚೀಟಿಯಲ್ಲಿ ಬರೆದು ಕೊಡಿ. ಕೋಣೆಯ ಬೆಳಕಿಗಿಂತ ಅವರಿಗೆ ಉಪಯೋಗವಾಗುವುದು ಅದು.

ಕೆಲವು ಸಮಸ್ಯೆಗಳಿಗೂ ಬೆಳಕಿಗೂ ಸಂಬಂಧವೇ ಇಲ್ಲ. ನಿದ್ದೆಯಲ್ಲಿ ಜೋರಾಗಿ ಗೊರಕೆ, ಉಸಿರು ನಿಂತು ಮತ್ತೆ ಎಳೆದುಕೊಳ್ಳುವುದು, ಹಾಲಿಗೂ ಏಳದಷ್ಟು ಮಂಪರು, ಮಲಗಿಸಿದೊಡನೆ ಪ್ರತಿಸಲವೂ ಬೆನ್ನು ಸೆಟೆದು ಅಳುವುದು, ತೂಕ ಏರದಿರುವುದು, ಇವುಗಳಲ್ಲಿ ಯಾವುದು ಕಂಡರೂ ಪರದೆಯ ಪ್ರಯೋಗ ಬದಿಗಿಟ್ಟು ಮಕ್ಕಳ ವೈದ್ಯರ ಹತ್ತಿರ ಹೋಗಿ. ಉಸಿರಿನ ತೊಂದರೆ ಇದ್ದರೆ ಮಗು ಮಲಗಿರುವಾಗಿನ ಒಂದು ನಿಮಿಷದ ವಿಡಿಯೋ ಫೋನಿನಲ್ಲಿ ತೆಗೆದುಕೊಂಡು ಹೋಗಿ, ದೀಪ ಹಾಕಿಯೇ ತೆಗೆಯಿರಿ.